ಅಗಲಣ್ಣ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪಿನ ಹರಾಜು ಶುರುವಾಗಿ ಬೇಲ್‌ಗೆ ಒಳ್ಳೆ ರೇಟು ಬಿತ್ತೆಂದರೆ ಅಗಲಣ್ಣ ಕಾಣಿಸಿಕೊಳ್ಳುತ್ತಾನೆ. ಕೆ.ಆರ್. ನಗರದವನಾದರೆ ಭತ್ತದ ದುಡ್ಡು, ಅಷ್ಟೇ ವ್ಯತ್ಯಾಸ. ಸಾಲ ತೀರಿ ಉಳಿದದ್ದರಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ ರಿಪೇರಿ ಮಾಡಿಸೋಣ ಅನ್ನುತ್ತಾನೆ ಅಪ್ಪ. ಸ್ವಿಫ್ಟ್ ಅಗಲ ಮಾಡಿಸೋಣ ಅನ್ನುತ್ತಾನೆ ಮಗ. ಬ್ಯಾರನ್ನಿನ ರೀಲ್ಸಿಗೆ ಲೈಕು ಬೀಳುವುದಿಲ್ಲವಾದ್ದರಿಂದ ಮಗನೇ ಗೆಲ್ಲುತ್ತಾನೆ.

ಚಕ್ರ ಮಡ್‌ಗಾರ್ಡಿನೊಳಗೆ ಅವಿತು ಕೂತಿರುವುದು ಅವನಿಗೆ ಮನೆತನದ ಅವಮಾನ. ಅದನ್ನು ಹೊರಗೆಳೆಯಲು ಹಬ್ಬಿಗೂ ಚಕ್ರಕ್ಕೂ ನಡುವೆ ಅಲ್ಯೂಮಿನಿಯಂ ಬಿಲ್ಲೆ ಬೇಕು. ಅದೇ ಸ್ಪೇಸರ್. ಚುಂಚನಕಟ್ಟೆ ಜಾತ್ರೆಯಲ್ಲಿ ಅಪ್ಪ ಎತ್ತಿನ ನಿಲುವು ನೋಡಿದಂತೆ ಇವನು ಕಾರಿನ ನಿಲುವು ನೋಡುತ್ತಾನೆ. ಅಪ್ಪನಾದರೂ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದ.

“ಅಣ್ಣ, 5 ಎಂಎಂದು ಸಿಗಿಸ್ಬುಡು,” ಅನ್ನುತ್ತಾನೆ ಮೆಕ್ಯಾನಿಕ್ಕಿಗೆ.

“ಹಂಗೆ ಸಿಗಿಸಿದ್ರೆ ನಟ್ಟು ಹಿಡಿಯಾಕೆ ಸ್ಟಡ್ಡೇ ಸಾಲ್ದು ಕಣಪ್ಪ. 12 ಎಂಎಂ ಸ್ಟಡ್ಡಿಗೆ ಕಮ್ಮಿ ಅಂದ್ರೂ 12 ಎಂಎಂ ಮರೆ ಕಚ್ಬೇಕು.”

“ಹಂಗಾರೆ ದಪ್ಪದ್ದು ಹಾಕು.”

“ದಪ್ಪದ್ದಕ್ಕೆ ಅದರದ್ದೇ ಸ್ಟಡ್ಡು ಇರ್ತದೆ, ಸರಿ. ಆದ್ರೆ ನಡುವಿನ ತೂತು ಹಬ್ಬಿಗೆ ಕರೆಕ್ಟಾಗಿ ಕೂರ್ಬೇಕು, ಇಲ್ದಿದ್ರೆ ಸ್ಪೀಡಲ್ಲಿ ಸ್ಟೇರಿಂಗ್ ನಡುಗ್ತದೆ. ಹಬ್ಬಿನ ತುಕ್ಕು ಉಜ್ಜಿ, ನಟ್ಟು ಎದುರುಬದುರು ಟಾರ್ಕ್ ವ್ರೆಂಚಲ್ಲೇ ಬಿಗೀಬೇಕು. 100 ಕಿಲೋಮೀಟ್ರು ಓಡಿಸಿದ್ಮೇಲೆ ಬಾ, ಮತ್ತೆ ಬಿಗಿ ನೋಡ್ತೀನಿ.”

“ಅದೆಲ್ಲ ಬುಡಣ್ಣ, ಕೆಂಪು ಕಲರಲ್ಲಿ ಅದಾ?”

ಕಂಪನಿ ಕೊಟ್ಟ ಮೂಲ ವಿವರಕ್ಕೆ ಭಿನ್ನವಾಗಿ ಗಾಡಿ ಮಾರ್ಪಡಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಎತ್ತಿಹಿಡಿದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಟೀ ಅಂಗಡಿಯಲ್ಲಿ ಮೇಷ್ಟ್ರು ಇದನ್ನು ನೆನಪಿಸಿದರೆ, “ಅದು ಬೆಂಗಳೂರಿನವ್ರಿಗೆ ಸಾರ್” ಅನ್ನುತ್ತಾನೆ. ಹುಣಸೂರಿಗೇ ಒಂದು ಆರ್‌ಟಿಓ ಆಫೀಸಿದೆ ಎಂದು ಅವನ ಬೆನ್ನಹಿಂದಿನ ನಂಬರ್ ಪ್ಲೇಟಿನ ಕೆಎ 45 ಸಾರುತ್ತಿರುತ್ತದೆ.

ಐದು ಜನ ಗೆಳೆಯರನ್ನು ತುಂಬಿಕೊಂಡು ಹಂಪು ಹತ್ತಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜಿ ಕರ್ ಅನ್ನುತ್ತದೆ. ಅಗಲಣ್ಣ ಹಾಡಿನ ಸೌಂಡು ಏರಿಸುತ್ತಾನೆ. ಚಕ್ರ ಹೊರಗೆ ಸರಿದಷ್ಟೂ ಬೇರಿಂಗಿನ ಮೇಲೆ ಎಳೆತ ಹೆಚ್ಚು. ಕೋಟೆ ರೋಡಿನಲ್ಲಿ ಅದು ಗೊಂಯ್ ಎಂದು ಅಳುತ್ತದೆ. ಪಕ್ಕದವರು ಕೇಳಿದರೆ, “ಟರ್ಬೊ ಸೌಂಡು” ಅನ್ನುತ್ತಾನೆ. ಅವನ ಗಾಡಿಯಲ್ಲಿ ಟರ್ಬೊ ಇರುವುದಿಲ್ಲ.

ಮುಂದಿನ ವರ್ಷ ಹೊಗೆಸೊಪ್ಪಿನ ರೇಟು ಇಳಿಯುತ್ತದೆ, ಕಾರು ಮಾರಾಟಕ್ಕೆ ಬರುತ್ತದೆ. ಮೈಸೂರಿನ ಗಿರಾಕಿ ಸುತ್ತು ಹಾಕಿ ನೋಡಿ, ಏನಾದರೂ ಕೆಲಸ ಬಂದಿತ್ತಾ ಎಂದು ಕೇಳುತ್ತಾನೆ.

“ಚಕ್ರ ಜೋಡಿಸಿದ ದಿನದಿಂದ ಒಂದು ನಟ್ಟೂ ಮುಟ್ಟಿಲ್ಲ ಸಾರ್!”

“ನಾನೂ ಅದನ್ನೇ ಬಡ್ಕೊಂಡಿದ್ದು,” ಅಂದ ಪಕ್ಕದಲ್ಲಿದ್ದ ಮೆಕ್ಯಾನಿಕ್.