ನಮ್ಮ ಬಚ್ಚಲಿನ ನದಿ ಜೋಡಣೆ

ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ನಮ್ಮ ಅಜ್ಜಿಗೆ ಚೆನ್ನಾಗಿ ಗೊತ್ತಿತ್ತು. ತಿಪಟೂರು ಸೀಮೆಯ ಆ ಮನೆಯಲ್ಲಿ ತೂಬಿನಿಂದ ಹೊರಬಿದ್ದ ನೀರು ನಾಲ್ಕು ಮಾರು ಹರಿದು ಒಂದು ತೆಂಗಿನ ಮರದ ಬುಡ ಸೇರುತ್ತಿತ್ತು. ತೋಟದಲ್ಲಿ ಎಷ್ಟೇ ಮರಗಳಿರಲಿ, ಬಚ್ಚಲ ಮರದ ಗತ್ತೇ ಬೇರೆ. ಗೊನೆ ಅದರದ್ದೇ ದೊಡ್ಡದು, ಎಳನೀರು ಅದರದ್ದೇ ಸಿಹಿ. ಶನಿವಾರ ಮೊಮ್ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಅಜ್ಜಿ ತಲೆಗೆ ಎರೆಯುವಾಗ ಎಣ್ಣೆ, ಸೀಗೆಪುಡಿ, ನಮ್ಮ ಕಣ್ಣೀರು ಮೂರೂ ಮರದ ಪಾಲು. ಕಣ್ಣಿಗೆ ಸೀಗೆ ಬಿತ್ತೆಂದು ಕಿರುಚಿದರೆ, "ಅಳೋ, ಚೆನ್ನಾಗಿ ಅಳು, ತೆಂಗಿಗೆ ಉಪ್ಪು ಬೇಕು" ಅನ್ನುತ್ತಿದ್ದಳು. ತೆಂಗಿನ ಬುಡಕ್ಕೆ ಉಪ್ಪು ಹಾಕುವ ರೂಢಿ ಇದ್ದ ಊರು ಅದು. ಆದ್ದರಿಂದ ಅವಳ ಮಾತನ್ನು ತಮಾಷೆ ಎಂದು ತಳ್ಳಿಹಾಕುವಂತೆಯೂ ಇರಲಿಲ್ಲ.

ಇದೆಲ್ಲ ನೆನಪಾದದ್ದು ಮಗಳ ಪರೀಕ್ಷೆಯ ಹಿಂದಿನ ರಾತ್ರಿ. ಡಿಗ್ರಿ ಓದುವ ಅವಳಿಗೆ ಪರಿಸರ ಅಧ್ಯಯನ ಎಂಬ ಕಡ್ಡಾಯ ಪತ್ರಿಕೆಯೊಂದಿದೆ. ವಕೀಲ ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ, ಓದುವ ಮಕ್ಕಳಿಗೆಲ್ಲ ಪರಿಸರದ ಪಾಠ ಆಗಬೇಕು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ಹೀಗಾಗಿ ಬಿ.ಕಾಂ. ಮಕ್ಕಳೂ ಜಮಾ-ಖರ್ಚಿನ ನಡುವೆ ಓಝೋನ್ ಪದರ ಬಾಯಿಪಾಠ ಮಾಡುತ್ತಾರೆ. ಸುಪ್ರೀಂ ಕೋರ್ಟು ಹೇಳಿದರೂ ಮಗಳು ಅದನ್ನು ಓದುವುದು ಹಿಂದಿನ ರಾತ್ರಿಯೇ. ನಾನು ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ಹೊರಬಂದಾಗ ಪುಸ್ತಕದಿಂದ ತಲೆಯೆತ್ತದೆ ಕೇಳಿದಳು: "ಅಪ್ಪ, ನೀನು ಈಗ ಸುರಿದುಕೊಂಡೆಯಲ್ಲ, ಆ ನೀರು ಎಲ್ಲಿಗೆ ಹೋಯ್ತು?"

"ಪೈಪಿಗೆ" ಅಂದೆ.

"ಪೈಪಿಂದ?"

ಐವತ್ತು ದಾಟಿದ ಗಂಡಸು ಟವೆಲ್ಲಿನಲ್ಲಿ ನಿಂತು ಉತ್ತರಿಸಬೇಕಾದ ಪ್ರಶ್ನೆಯಲ್ಲ ಅದು. ನಲ್ಲಿಗೆ ಬರುವ ನೀರಿನ ವಿಷಯ ಕೇಳಿದ್ದರೆ ಗಂಟೆಗಟ್ಟಲೆ ಹೇಳುತ್ತಿದ್ದೆ. ಅದು ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆ, ಸಂಪು ತುಂಬಲು ಎಷ್ಟು ಹೊತ್ತು ಬೇಕು ಎಲ್ಲ ಗೊತ್ತು. ಹೋಗುವ ನೀರಿನ ಪರಿಚಯವೇ ಇಲ್ಲ. ಬಂದ ನೆಂಟರನ್ನು ಬಸ್‌ಸ್ಟ್ಯಾಂಡಿನಿಂದ ಕರೆತಂದು, ಹೋಗುವಾಗ ಬಾಗಿಲವರೆಗೂ ಬರದ ಮನೆಯವರಂತೆ ನಾವು.

ಅಂದು ರಾತ್ರಿ ಅಪ್ಪ ಮಗಳು ಸೇರಿ ಆ ನೆಂಟನ ಬೆನ್ನು ಹತ್ತಿದೆವು. ಬೆಂಗಳೂರು ಕೂತಿರುವುದೇ ಒಂದು ದಿಬ್ಬದ ಮೇಲೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಕಾವೇರಿ ಹರಿಯುವುದು ಸುಮಾರು 100 ಕಿಲೋಮೀಟರ್ ದೂರದ ತಗ್ಗಿನಲ್ಲಿ. ಆ ನೀರನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಹಾಕಿ ಸುಮಾರು 500 ಮೀಟರ್ ಮೇಲಕ್ಕೆ ಎತ್ತಿ ತರುತ್ತಾರೆ. ಅಷ್ಟು ಕಷ್ಟಪಟ್ಟು ಹತ್ತಿಸಿದ ನೀರಿನಲ್ಲಿ ನಾನು ಬಾತ್‌ರೂಮ್ ಹಾಡು ಹಾಡುತ್ತ ಮಿಂದು, ಎರಡೇ ನಿಮಿಷದಲ್ಲಿ ಕೆಳಕ್ಕೆ ಬಿಡುತ್ತೇನೆ. ಆದರೆ ಅದು ಬಂದ ದಾರಿಯಲ್ಲಿ ವಾಪಸ್ ಹೋಗುವುದಿಲ್ಲ. ನಮ್ಮ ಮನೆ ದೊಮ್ಮಲೂರಿನಲ್ಲಿ, ದಿಬ್ಬದ ಪೂರ್ವದ ಇಳಿಜಾರಿನಲ್ಲಿ. ಇಲ್ಲಿನ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿ ಹಿಡಿದು ತಮಿಳುನಾಡಿಗೆ ಹೋಗುತ್ತದೆ. ಅಂದರೆ ನದಿ ಜೋಡಣೆ ಮಾಡಬೇಕೇ ಬೇಡವೇ ಎಂದು ದೇಶವೆಲ್ಲ ಚರ್ಚಿಸುತ್ತಿರುವಾಗ, ನಾನು ದಿನಾ ಬೆಳಿಗ್ಗೆ ಒಂದು ಪ್ಲಾಸ್ಟಿಕ್ ಚೊಂಬಿನಲ್ಲಿ ಕಾವೇರಿಯನ್ನು ಪಿನಾಕಿನಿಗೆ ಜೋಡಿಸುತ್ತಿದ್ದೇನೆ!

ಈ ಸಂಶೋಧನೆಯನ್ನು ವಿಜಯನಗರದಲ್ಲಿರುವ ನನ್ನ ಹೆಂಡತಿಯ ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವನು ಸುಮ್ಮನಿರುವ ಜನವಲ್ಲ. "ನೋಡಿ ಭಾವ, ನಾವು ಪಶ್ಚಿಮದವರು ಸಾಲಗಾರರಲ್ಲ. ನಮ್ಮ ನೀರು ವೃಷಭಾವತಿಗೆ ಹೋಗಿ, ಅರ್ಕಾವತಿ ಸೇರಿ, ಕೊನೆಗೆ ಕಾವೇರಿಗೇ ಹೋಗತ್ತೆ. ತಗೊಂಡಿದ್ದನ್ನು ವಾಪಸ್ ಕೊಡ್ತೀವಿ" ಎಂದ. ಯಾವ ಸ್ಥಿತಿಯಲ್ಲಿ ವಾಪಸ್ ಕೊಡುತ್ತಾರೆ ಎಂಬುದನ್ನು ಮಾತ್ರ ಹೇಳಲಿಲ್ಲ. ಬಸವನಗುಡಿಯ ಬಸವಣ್ಣನ ಪಾದದಡಿ ಹುಟ್ಟಿದ್ದು ಎಂಬ ಐತಿಹ್ಯವಿರುವ ಆ ಹೊಳೆಯನ್ನು ಮೈಸೂರು ರಸ್ತೆಯಲ್ಲಿ ಹೋಗುವವರು ನೋಡುವ ಮೊದಲು ಮೂಗಿನಿಂದ ಗುರುತಿಸುತ್ತಾರೆ. ದಡದಲ್ಲಿರುವ ಆಂಜನೇಯನಿಗೆ ಗಾಳಿ ಆಂಜನೇಯ ಎಂದೇ ಹೆಸರು. ಆ ಗಾಳಿಯನ್ನು ಇಷ್ಟು ವರ್ಷ ಸಹಿಸಿದ್ದಾನಲ್ಲ, ವಾಯುಪುತ್ರನೇ ಆಗಬೇಕು.

ನಮ್ಮ ಪೂರ್ವದವರ ಕೀರ್ತಿಯೇನೂ ಕಡಿಮೆಯಲ್ಲ. ಬೆಳ್ಳಂದೂರು ಸುಮಾರು 900 ಎಕರೆಯ ಕೆರೆ, ಊರಿಗೇ ದೊಡ್ಡದು. ಅದಕ್ಕೆ 2015ರಲ್ಲಿ ಬೆಂಕಿ ಬಿತ್ತು. 2017ರಲ್ಲಿ ಇನ್ನೊಮ್ಮೆ ಬಿತ್ತು. 2018ರ ಜನವರಿಯಲ್ಲಿ ಹತ್ತಿಕೊಂಡದ್ದನ್ನು ಆರಿಸಲು ಸೈನಿಕರೇ ಬರಬೇಕಾಯಿತು. ಬೆಂಕಿ ಆರಿಸಲು ನೀರು ಹುಡುಕುವುದು ಲೋಕರೂಢಿ. ನಮ್ಮಲ್ಲಿ ನೀರೇ ಹತ್ತಿಕೊಂಡರೆ ಏನನ್ನು ಹುಡುಕುವುದು? ನೊರೆಯ ಕಥೆ ಇನ್ನೂ ಸ್ವಾರಸ್ಯದ್ದು. ಬಟ್ಟೆ ಪುಡಿ, ಪಾತ್ರೆ ಸೋಪು, ಶ್ಯಾಂಪೂಗಳಲ್ಲಿ ಜಿಡ್ಡು ಬಿಡಿಸುವ ಒಂದು ವಸ್ತುವಿರುತ್ತದೆ. ಅದು ಕೊಳಚೆಯ ಜೊತೆ ಕೆರೆಗೆ ಬಂದು ಸೇರುತ್ತದೆ. ಕೋಡಿಯಲ್ಲಿ ನೀರು ಧುಮುಕಿದಾಗ ಗಾಳಿ ಬೆರೆತು, ಕಡೆಗೋಲಿಗೆ ಸಿಕ್ಕ ಮೊಸರಿನ ಹಾಗೆ ಕಡೆಯಲ್ಪಡುತ್ತದೆ. ಬೆಣ್ಣೆಯ ಬದಲು ನೊರೆ ಬರುತ್ತದೆ ಅಷ್ಟೇ. ಗಾಳಿ ಬೀಸಿದರೆ ಅದು ಹಾರಿ ರಸ್ತೆಗೆ ಬಂದು ಸ್ಕೂಟರಿನವರ ಮೇಲೆ ಕೂರುತ್ತದೆ. ಮುಂದೆ ಪಿನಾಕಿನಿಯ ದಾರಿಯಲ್ಲಿ, ತಮಿಳುನಾಡಿನ ಹೊಸೂರಿನ ಹತ್ತಿರದ ಕೆಲವರಪಳ್ಳಿ ಅಣೆಕಟ್ಟಿನಲ್ಲೂ ಪದೇ ಪದೇ ನೊರೆ ಎದ್ದ ಸುದ್ದಿ ಬರುತ್ತದೆ. ಕಾವೇರಿಯ ಒಂದೊಂದು ಹನಿಗೂ ಎರಡು ರಾಜ್ಯಗಳು ಕೋರ್ಟಿನಲ್ಲಿ ಜಗಳವಾಡುವಾಗ, ಈ ಕಡೆಯಿಂದ ನಾವು, ಅವರು ಕೇಳದೆಯೇ, ನೀರನ್ನು ನೊರೆ ಸಮೇತ ಕಳಿಸುತ್ತಿದ್ದೇವೆ. ಇಷ್ಟು ಔದಾರ್ಯಕ್ಕೆ ಯಾರೂ ಥ್ಯಾಂಕ್ಸ್ ಹೇಳಿದ್ದು ಕಾಣೆ.

ಸೀಗೆಪುಡಿಯೂ ನೊರೆ ಬರಿಸುತ್ತದಲ್ಲ ಎಂದು ಮಗಳು ತಕರಾರು ತೆಗೆದಳು. ನಿಜ, ಅಂಟುವಾಳದ ನೊರೆಯಂತೂ ಬೊಗಸೆ ತುಂಬ ಬರುತ್ತಿತ್ತು. ಆದರೆ ಆರು ಮೊಮ್ಮಕ್ಕಳ ನೊರೆಯನ್ನು ಒಂದು ಮರ ತಾಳಿಕೊಳ್ಳುತ್ತದೆ. ಒಂದು ಕೋಟಿ ಜನರ ನೊರೆಗೆ ಎಷ್ಟು ಮರ ಬೇಕು? ಅದೂ ಅಲ್ಲದೆ ಅಜ್ಜಿಗೆ ತಾನು ಚೆಲ್ಲಿದ್ದು ಎದುರಿಗೇ ಕಾಣುತ್ತಿತ್ತು. ಮರದ ಗರಿ ಹಳದಿಯಾದರೆ ಅಂದೇ ವಿಚಾರಣೆ ನಡೆದು ಯಾರೋ ಒಬ್ಬ ಮೊಮ್ಮಗ ಸಿಕ್ಕಿಬೀಳುತ್ತಿದ್ದ. ನನ್ನ ಹಳದಿ ಗರಿ ಹೊಸೂರಿನಲ್ಲಿದೆ. ನಾನು ಯಾವತ್ತೂ ಸಿಕ್ಕಿಬೀಳುವುದಿಲ್ಲ.

ಮಗಳ ಪುಸ್ತಕದ ಹಾಳೆ ಮುಗಿಯುವಷ್ಟರಲ್ಲಿ ಇನ್ನೊಂದು ವಿಷಯ ಸಿಕ್ಕಿತು. ನಮ್ಮ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ, 2018ರಿಂದ ಕೋಲಾರದ ಕೆರೆಗಳಿಗೆ ಪೈಪಿನಲ್ಲಿ ಕಳಿಸುತ್ತಿದ್ದಾರೆ. ಜನ ಅದನ್ನು ಕೆ.ಸಿ. ವ್ಯಾಲಿ ನೀರು ಅನ್ನುತ್ತಾರೆ. ಮೊದಲು ಲಕ್ಷ್ಮೀಸಾಗರ, ಆಮೇಲೆ ಕೆರೆಯಿಂದ ಕೆರೆಗೆ. ಅದು ನೇರ ಗದ್ದೆಗೆ ಬಿಡಲಿಕ್ಕಲ್ಲ, ಕೆರೆಯಲ್ಲಿ ನಿಂತು ಇಂಗಿ ಅಂತರ್ಜಲ ಏರಲಿ ಎಂದು. ಇಂಗಿದ್ದು ಬೋರ್‌ವೆಲ್ಲಿಗೆ ಬರುತ್ತದೆ. ಕೋಲಾರದವರು ಬೋರ್‌ವೆಲ್ಲಿನಲ್ಲಿ ಬೆಳೆಯುವುದು ಏನು? ಅವರ ಎಪಿಎಂಸಿಯಲ್ಲಿ ಬೆಟ್ಟದಂತೆ ಬೀಳುವುದೇ ಟೊಮೆಟೊ.

ಆ ವಾರದ ಭಾನುವಾರದ ಊಟಕ್ಕೆ ಭಾಮೈದನೂ ಬಂದಿದ್ದ. ಬಾಳೆಲೆಯ ಮೇಲೆ ಕೆಂಪಗೆ ಹೊಗೆಯಾಡುವ ಸಾರು ಬಿತ್ತು. ಟೊಮೆಟೊ ಎಲ್ಲಿಯದು ಎಂದು ಹೆಂಡತಿಯನ್ನು ಕೇಳಿದೆ. "ಕೋಲಾರದ್ದಂತೆ, ಗಾಡಿಯವನು ಹೇಳಿದ. ಯಾಕೆ?" ಎಂದಳು. ನಾನೂ ಮಗಳೂ ಮುಖ ಮುಖ ನೋಡಿಕೊಂಡೆವು. ಭಾಮೈದ ತುತ್ತನ್ನು ಬಾಯಿಗಿಟ್ಟು, ಒಂದು ಗಳಿಗೆ ಕಣ್ಣು ಮುಚ್ಚಿ, ತಲೆದೂಗಿ ಹೇಳಿದ: "ಉಪ್ಪು ಸ್ವಲ್ಪ ಕಮ್ಮಿ ಅಕ್ಕ."