ನೆರೆಮನೆಯ ನಗೆ: ಒಂದು ಮೀಮಾಂಸೆ

ಅನುಬಂಧಚತುಷ್ಟಯ ಹೇಳದೆ ಶಾಸ್ತ್ರಕ್ಕೆ ಕೈಹಾಕಬಾರದೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇವೆ. ವಿಷಯ: ಭಕ್ತನನ್ನು ಕಂಡು ಪಕ್ಕದ ಮನೆಯವರು ನಗುವುದು. ಪ್ರಯೋಜನ: ಭಕ್ತನಿಗೆ ಮೋಕ್ಷ, ಪಕ್ಕದ ಮನೆಯವರಿಗೆ ಹೊತ್ತು ಹೋಗುವುದು. ಸಂಬಂಧ: ನಡುವಿನ ಕಾಂಪೌಂಡ್ ಗೋಡೆ. ಅಧಿಕಾರಿ: ಬೆಳಗಿನ ಜಾವ ತಾಳ ಕುಟ್ಟುವವನು, ಅದರಿಂದ ಎಚ್ಚರಗೊಂಡವನು, ಇಬ್ಬರೂ.

ನಗುತ್ತಿದ್ದಾರೆಂದು ಭಕ್ತನಿಗೆ ತಿಳಿಯುವುದು ಹೇಗೆ? ಮಧ್ವಮತದಲ್ಲಿ ಪ್ರಮಾಣಗಳು ಮೂರು. ಇಲ್ಲಿ ಮೂರಕ್ಕೂ ಕೈತುಂಬ ಕೆಲಸ. “ಬಂದ್ರು ನೋಡ್ರೀ, ವೈಕುಂಠದ ಏಜೆಂಟ್ರು” ಎಂದು ಕಿಟಕಿಯಿಂದ ಕೇಳಿಸಿದರೆ ಪ್ರತ್ಯಕ್ಷ. ಜಗಲಿಯ ಮಾತು ನಾವು ಹತ್ತಿರ ಬಂದೊಡನೆ ಮಳೆ-ಬೆಳೆಯ ಕಡೆ ತಿರುಗಿದರೆ ಅನುಮಾನ. “ನಾ ಹೇಳ್ದೆ ಅನ್ಬೇಡಿ ಅಮ್ಮಾ” ಎಂದು ಹೂವಿನಾಕೆ ತಂದು ಮುಟ್ಟಿಸಿದರೆ ಆಗಮ. ಮೂರನೆಯದೇ ಬಲವತ್ತರ. ಮೊದಲು ಅಂದವರು ಯಾರೆಂದು ಎಂದೂ ಪತ್ತೆಯಾಗದ್ದರಿಂದ ಅದು ಅಪೌರುಷೇಯ.

ನಗೆಯು ಭಕ್ತಿಗೆ ವಿಘ್ನವೆಂಬುದು ಪೂರ್ವಪಕ್ಷ. ಅದು ನಿಲ್ಲುವುದಿಲ್ಲ. ಕನಕದಾಸರು ವ್ಯಾಸರಾಯರಲ್ಲಿ ಮಂತ್ರ ಬೇಡಿದಾಗ ‘ಕೋಣ’ ಎಂಬ ಉತ್ತರ ಸಿಕ್ಕಿತೆಂದೂ, ಅವರು ಅದನ್ನೇ ಜಪಿಸಲು ಯಮನ ಕೋಣವೇ ಬಂದು ನಿಂತು ಕೆರೆಯ ಕೆಲಸಕ್ಕೆ ಅಡ್ಡವಾಗಿದ್ದ ಬಂಡೆಯನ್ನು ಸರಿಸಿತೆಂದೂ ಐತಿಹ್ಯ. ಆ ಜಪ ಕೇಳಿ ನಕ್ಕವರ ನಾಲಿಗೆಯ ಮೇಲೆ ಸ್ವರಶುದ್ಧ ಮಂತ್ರಗಳೇ ಇದ್ದಿರಬೇಕು. ಬಂಡೆಗೆ ವ್ಯಾಕರಣ ಬಾರದು. (ಬಾಳೆಹಣ್ಣಿನ ಪ್ರಸಂಗವನ್ನು ಶಾಲೆಯ ಮಕ್ಕಳೇ ಹೇಳುತ್ತಾರೆ, ಬಿಟ್ಟಿದ್ದೇವೆ.)

ಅದೇ ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಭತ್ತವು ತುಂಬಿದ ಸಭೆಯಲ್ಲಿ ರಾಗಿಯನ್ನು ಹೀಯಾಳಿಸುತ್ತದೆ. ರಾಮ ಥಟ್ಟನೆ ತೀರ್ಪು ಕೊಡದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದ. ಭತ್ತ ಕಳೆಗುಂದಿತು, ರಾಗಿ ಗಟ್ಟಿಯಾಗಿ ಹೊರಬಂದು ರಾಘವನ ಹೆಸರನ್ನೇ ಪಡೆಯಿತು. ಇಲ್ಲಿ ಸೂಕ್ಷ್ಮವೊಂದಿದೆ: ಬೈಸಿಕೊಂಡವನಿಗೂ ಸೆರೆ ತಪ್ಪಲಿಲ್ಲ. ನಮ್ಮ ಭಕ್ತರು ಈ ಆರು ತಿಂಗಳನ್ನು ಹಾರಿಸಿ ನೇರ ಬಿರುದಿಗೆ ಬರುತ್ತಾರೆ.

ಹಾರಿಸಿದ್ದರಿಂದಲೇ ತರ್ಕದೋಷ ಹುಟ್ಟುತ್ತದೆ. ಎಲ್ಲೆಲ್ಲಿ ಭಕ್ತಿಯೋ ಅಲ್ಲಲ್ಲಿ ನಗೆ, ಒಪ್ಪಿದೆವು. ‘ನಕ್ಕರು, ಆದ್ದರಿಂದ ನಾನು ಭಕ್ತ’ ಎಂಬಲ್ಲಿ ಹೇತುವು ವ್ಯಭಿಚಾರಿ. ಪಂಚೆ ಜಾರಿದಾಗಲೂ ನಗುತ್ತಾರೆ. ಇನ್ನು ಧ್ವನಿವರ್ಧಕವನ್ನು ರಾತ್ರಿ ಹತ್ತರ ಮೇಲೆ ಸುಮ್ಮನಿರಿಸಬೇಕೆಂಬ 2000ದ ನಿಯಮವನ್ನು ನೆನಪಿಸಿದ ನೆರೆಯವನು ಪರಿಹಾಸಕನ ಲಕ್ಷಣದೊಳಗೆ ಬರುವುದೇ ಇಲ್ಲ. ಅವನಿಗೆ ಬರೀ ನಿದ್ದೆ. ಅವನನ್ನು ಹಿರಣ್ಯಕಶಿಪು ಎಂದು ಕರೆದು ತಾನು ಪ್ರಹ್ಲಾದನಾಗುವುದು ಅಗ್ಗದ ಮಾರ್ಗ.

ಉಳಿದದ್ದು ಒಂದೇ ಸಂದೇಹ. ವರ್ಷವಿಡೀ ನಕ್ಕವರು ರಾಮನವಮಿಯ ದಿನ ಪಾನಕದ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತರೆ ಏನು ಕರ್ತವ್ಯ? ಎರಡು ಮತಗಳುಂಟು. ಇನ್ನೊಂದು ಲೋಟ ಹೆಚ್ಚಾಗಿಯೇ ಕೊಡಬೇಕೆಂದು ದಾಸಪಂಥದವರು. ಕೊಡಬೇಕು, ಆದರೆ ಅವರ ಕೋಸಂಬರಿಗೆ ಹಸಿಮೆಣಸಿನಕಾಯಿ ಎರಡು ಜಾಸ್ತಿ ಬೀಳಲೆಂದು ಅಡುಗೆಮನೆಯವರು. ನಮ್ಮ ಮನೆಯಲ್ಲಿ ಎರಡನೆಯದೇ ಆಚರಣೆಯಲ್ಲಿದೆ.