ಪರೀಕ್ಷೆ ಮಾಡದವರ ಪರಾಕ್ರಮ

ನಮ್ಮ ಬಿಂಕದಕಟ್ಟಿಯ ಮಂದಿಗೆ ಒಂದು ದೌರ್ಬಲ್ಯವಿದೆ: ಯಾವುದನ್ನೂ ಹಚ್ಚಿ ನೋಡದೆ ನಂಬುವುದಿಲ್ಲ. ಹೆಸರುಕಾಳು ಬಿತ್ತುವ ಮೊದಲು ನೂರು ಕಾಳು ಎಣಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು, ಎಷ್ಟು ಮೊಳಕೆ ಒಡೆದವು ಎಂದು ಲೆಕ್ಕ ಹಾಕುತ್ತಾರೆ. ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಸುಳಿ ಹುಡುಕುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಊರಿನಲ್ಲಿ ಮೃಗಾಲಯವೂ ಇದೆ. ಮೃಗಾಲಯದವರೆಂದರೆ ಎಲ್ಲ ಕಡೆಯೂ ಒಂದೇ ಜಾತಿ. ಹೊಸ ಪ್ರಾಣಿ ಬಂದರೆ ಕೆಲವು ದಿನ ಬೇರೆ ಇಟ್ಟು, ಮೇವು ಮುಟ್ಟುತ್ತದೋ ಇಲ್ಲವೋ, ರೋಗಗೀಗ ಇದೆಯೋ ಎಂದು ನೋಡಿ ಆಮೇಲೆ ಉಳಿದವುಗಳ ಜೊತೆ ಬಿಡುತ್ತಾರೆ. ಹುಲಿಯ ಪಕ್ಕ ದಿನ ಕಳೆಯುವವರಿಗೂ ಇಷ್ಟು ಅಂಜಿಕೆ!

ಇಂಥ ಪುಕ್ಕಲರ ನಡುವೆ ಬೆಳೆದ ನನಗೆ ಧೈರ್ಯದ ದರ್ಶನವಾದದ್ದು ತೀರ ಈಚೆಗೆ, ಒಂದು ಕಚೇರಿಯ ಕಿಟಕಿಯ ಮುಂದೆ ಪಾಳಿ ಹಚ್ಚಿ ನಿಂತಾಗ. ಕಚೇರಿಯ ಹೆಸರು ಹೇಳುವುದಿಲ್ಲ. ದೊಡ್ಡವರು ಹೊಗಳಿಕೆಗೆ ನಾಚುತ್ತಾರೆ.

"ಶುಕ್ರವಾರ ಸಂಜಿಗೆ ಡೇಟಾಬೇಸ್ ಅಪ್‌ಗ್ರೇಡ್ ಆಗೇತ್ರಿ. ಹಳೇ ವರ್ಷನ್ ತಗದು ಹೊಸಾದು ಹಾಕ್ಯಾರ. ಸರ್ವರ್ ಡೌನ್ ಐತಿ, ನಾಳೆ ಬರ್ರಿ" ಎಂದರು ಒಳಗಿನವರು.

"ಹಾಕೂ ಮೊದಲ ಎಲ್ಲೆರ ಹಚ್ಚಿ ನೋಡಿದ್ರೇನ್ರಿ?" ಎಂದೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಈಗ ನೋಡಾಕತ್ತೀವಲ್ರಿ" ಎಂದರು.

ಆ ಉತ್ತರದ ಆಳ ನನಗೆ ತಿಳಿದದ್ದು ಬಸ್ಸಿನಲ್ಲಿ ಮನೆಗೆ ಮರಳುವಾಗ. ಮೊದಲೇ ಪರೀಕ್ಷೆ ಮಾಡಬೇಕೆಂದರೆ ಇನ್ನೊಂದು ಸರ್ವರ್ ಬೇಕು, ಅಸಲು ಮಾಹಿತಿಯ ನಕಲು ಬೇಕು, ಪಗಾರ ಕೊಟ್ಟು ನಾಲ್ಕು ಮಂದಿಯನ್ನು ಕೂರಿಸಬೇಕು. ಈಗ ಹಾಗಲ್ಲ. ಮುಂಡರಗಿಯಿಂದ ಒಬ್ಬ, ಶಿರಹಟ್ಟಿಯಿಂದ ಒಬ್ಬ, ತಮ್ಮದೇ ಬಸ್ ಚಾರ್ಜು ಕೊಟ್ಟು, ತಮ್ಮದೇ ಕೂಲಿ ಬಿಟ್ಟು, ತಮ್ಮದೇ ಅಸಲು ಮಾಹಿತಿ ಹಿಡಿದು ಬಂದು ಪರೀಕ್ಷೆ ಮಾಡಿಕೊಡುತ್ತಾರೆ. ಪಾಳಿಯಲ್ಲಿ ನಿಂತ ಪ್ರತಿಯೊಬ್ಬರೂ ಪರೀಕ್ಷಕರು. ನೇಮಕಾತಿ ಪತ್ರ ಮಾತ್ರ ತಲುಪಿಲ್ಲ.

ಹಿಂದಿನವರಿಗೆ ಈ ಎದೆಗಾರಿಕೆ ಇರಲಿಲ್ಲ. ನಮ್ಮ ಸೀಮೆಯ ದಾಖಲೆಗಳು ಕಂಡ ಅಪ್‌ಗ್ರೇಡುಗಳೇನು ಕಡಿಮೆಯೆ? ಒಂದು ಕಾಲಕ್ಕೆ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿಯದು, ಗದಗ ಮುಂಬೈ ಪ್ರಾಂತದ್ದು. 1956ರಲ್ಲಿ ಎಲ್ಲವೂ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಗದಗ ಜಿಲ್ಲೆ. ಆಮೇಲೆ ಶಿರಹಟ್ಟಿಯಿಂದ ಒಡೆದು ಲಕ್ಷ್ಮೇಶ್ವರ ತಾಲ್ಲೂಕು. ಹಳೇ ಬುಕ್ಕಿನಿಂದ ಹೊಸ ಬುಕ್ಕಿಗೆ ಬರಹ ಇಳಿಸುವಾಗ ಒಬ್ಬ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಸಾಲುಸಾಲಿಗೆ ಗುರುತು ಹಾಕಬೇಕು. ಅದಕ್ಕೆ 'ತಾಳೆ ನೋಡುವುದು' ಎಂದು ಹೆಸರು. 1905ರಲ್ಲಿ ಇಲ್ಲೇ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಅಂಥ ಸಂಘಗಳ ಲೆಕ್ಕದಲ್ಲಿ ಹಳೇ ವರ್ಷದ ಆಖೈರು ಶಿಲ್ಕೂ ಹೊಸ ವರ್ಷದ ಆರಂಭದ ಶಿಲ್ಕೂ ಪೈಸೆಗೆ ಪೈಸೆ ಕೂಡಬೇಕು, ಇಲ್ಲದಿದ್ದರೆ ಹೊಸ ಪುಟ ತಿರುವುವಂತಿಲ್ಲ. ಎಂಥ ಅಪನಂಬಿಕೆ! 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದಾಗಲೂ ಮುದ್ರಿತ ಪ್ರತಿಯನ್ನು ಗ್ರಾಮ ಲೆಕ್ಕಿಗರ ಕೈಗೆ ಕೊಟ್ಟು ತಾಳೆ ನೋಡಿಸಿದರು. ಇಷ್ಟೆಲ್ಲ ಒದ್ದಾಡುವ ಬದಲು ಒಂದು ಶುಕ್ರವಾರ ಸಂಜೆ ಸಾಕಿತ್ತು.

ಈ ತಾಳೆಯ ರೋಗ ಪರದೇಶಕ್ಕೂ ಹಬ್ಬಿದೆ. 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಈಗ ವರ್ಷಕ್ಕೊಂದು ದೊಡ್ಡ ವರ್ಷನ್ ಹಡೆಯುತ್ತದೆ. ಅದನ್ನು ಸಾಕುವವರು ಜಗತ್ತಿನ ಬೇರೆಬೇರೆ ಮೂಲೆಗಳಲ್ಲಿ ಯಂತ್ರಗಳನ್ನು ಕೂರಿಸಿ ಅದಕ್ಕೆ 'ಬಿಲ್ಡ್‌ಫಾರ್ಮ್' ಎಂದು ಹೆಸರಿಟ್ಟಿದ್ದಾರೆ. ಕಂಪ್ಯೂಟರಿನವರಾದರೂ ಬುದ್ಧಿ ಒಕ್ಕಲಿಗರದೇ! ಅಲ್ಲಿನ ಕೆಲವು ಯಂತ್ರಗಳು ಹಳೇ ವರ್ಷನ್‌ಗಳನ್ನು ಬೀಜದ ಹಾಗೆ ಕಾದಿಟ್ಟುಕೊಂಡು, ಅವುಗಳ ಮಾಹಿತಿಯನ್ನು ಹೊಸದಕ್ಕೆ ದಾಟಿಸಿ, ದಾಟುವ ಮೊದಲಿನ ನಕಲನ್ನೂ ದಾಟಿದ ಮೇಲಿನ ನಕಲನ್ನೂ ಸಾಲಿಗೆ ಸಾಲು ಹೋಲಿಸುತ್ತವೆ. ಅದೂ ನಿನ್ನೆಯ ವರ್ಷನ್‌ನಿಂದ ಇಂದಿನದಕ್ಕೆ ಮಾತ್ರವಲ್ಲ, 2012ರಲ್ಲಿ ಬಂದ 9.2ರಂಥ ಮುದುಕರಿಂದಲೂ. ಹತ್ತು ವರ್ಷನ್ ಇದ್ದರೆ ಹಳೆಯದರಿಂದ ಹೊಸದಕ್ಕೆ ಜಿಗಿಯುವ ದಾರಿಗಳು 45. ಯಾವನೋ ಒಬ್ಬ ನಡುವಿನ ಐದು ವರ್ಷನ್ ಹಾರಿ ಬಂದಾನು ಎಂದು ಆ 45 ದಾರಿಗಳ ಚಿಂತೆ ಹಚ್ಚಿಕೊಂಡು ಕೂರುವುದು ಗಂಡೆದೆಯವರ ಲಕ್ಷಣವಲ್ಲ.

ಪರೀಕ್ಷೆ ಮಾಡುವವರಿಗೆ ವೇದಾಂತವೂ ದಕ್ಕುವುದಿಲ್ಲ. 2018ರಲ್ಲಿ ಲಿನಕ್ಸಿನ ಜಿಲಿಬ್‌ಸಿ ಎಂಬ ಲೈಬ್ರರಿಯ 2.28ನೇ ವರ್ಷನ್ ಬಂತು. ಅಕ್ಷರಗಳನ್ನು ಜೋಡಿಸುವ ಅನುಕ್ರಮ ಬದಲಾಯಿತು. ಡೇಟಾಬೇಸಿನ ಸೂಚಿ ಹಳೇ ಅನುಕ್ರಮದಲ್ಲಿ ಕಟ್ಟಿದ್ದು. ಹುಡುಕುವುದು ಹೊಸ ಅನುಕ್ರಮದಲ್ಲಿ. ಹಾಗಾಗಿ ಟೇಬಲಿನಲ್ಲಿ ಹೆಸರು ಇರುತ್ತದೆ, ಹುಡುಕಿದರೆ ಇರುವುದಿಲ್ಲ. ಇದ್ದೂ ಇಲ್ಲದಂತಿರುವ ಈ ಸ್ಥಿತಿಗಾಗಿ ಹಿರಿಯರು ಕಾಡಿಗೆ ಹೋಗಿ ತಪಸ್ಸು ಮಾಡಬೇಕಿತ್ತು. ಈಗ ಪಾಳಿಯಲ್ಲಿ ನಿಂತರೆ ಸಾಕು.

ಪರದೇಶದಲ್ಲೂ ನಮ್ಮ ಪಂಥದ ಶೂರರು ಅಲ್ಲಲ್ಲಿ ಇದ್ದಾರೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ಅಳಿಸುವ ಆಜ್ಞೆಯನ್ನು ತಪ್ಪು ಸರ್ವರಿಗೆ ಕೊಟ್ಟರು. ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಇದೆಯಲ್ಲ ಎಂದು ತೆರೆದು ನೋಡಿದರೆ ಬುಟ್ಟಿ ಖಾಲಿ. ಡೇಟಾಬೇಸ್ 9.6, ನಕಲು ತೆಗೆಯುವ ಉಪಕರಣ 9.2, ವರ್ಷನ್ ಹೊಂದಲಿಲ್ಲವೆಂದು ಅದು ಎಂದೋ ಮುನಿಸಿಕೊಂಡು ಕೂತಿತ್ತು. ಆ ಮುನಿಸಿನ ಸುದ್ದಿ ಹೊತ್ತ ಇಮೇಲುಗಳೂ ಯಾರಿಗೂ ತಲುಪಿರಲಿಲ್ಲ. ಆರು ತಾಸು ಮೊದಲು ಬೇರೆ ಯಾವುದೋ ಕೆಲಸಕ್ಕೆ ತೆಗೆದಿಟ್ಟ ನಕಲೊಂದು ಸಿಕ್ಕಿ ಮರ್ಯಾದೆ ಉಳಿಯಿತು. ಇಲ್ಲಿಯವರೆಗೆ ಅವರ ನಡೆ ಅನುಕರಣೀಯ. ಕೆಡಿಸಿಕೊಂಡದ್ದು ಕೊನೆಗೆ: ನಡೆದದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ಜಗತ್ತಿಗೆ ಬರೆದು ತಿಳಿಸಿಬಿಟ್ಟರು. ನಮ್ಮವರಾಗಿದ್ದರೆ 'ತಾಂತ್ರಿಕ ಕಾರಣ' ಎಂಬ ಎರಡೇ ಶಬ್ದದಲ್ಲಿ ಮುಗಿಸಿ ಚಹಾಕ್ಕೆ ಹೋಗುತ್ತಿದ್ದರು.

ನಾಲ್ಕನೇ ಸಲ ಹೋದಾಗ ಸರ್ವರ್ ಎದ್ದು ಕೂತಿತ್ತು. ನನ್ನ ದಾಖಲೆ ಬಿಸಿಬಿಸಿಯಾಗಿ ಪ್ರಿಂಟರಿನಿಂದ ಹೊರಬಂತು. 'ಗ್ರಾಮ' ಎಂಬಲ್ಲಿ ಹೀಗಿತ್ತು: ಬಿಂಕ.

ಕಂಪ್ಯೂಟರ್ ಬಲ್ಲ ಅಳಿಯನಿಗೆ ಫೋನು ಹಚ್ಚಿದೆ. ಅವನು ಲೆಕ್ಕ ಬಿಡಿಸಿದ. ಬಿಂಕದಕಟ್ಟಿ ಎಂಬುದು ನಮ್ಮ ಕಣ್ಣಿಗೆ 5 ಅಕ್ಷರ. ಯೂನಿಕೋಡಿನವರು ಗುಣಿಸು, ಸೊನ್ನೆ, ಒತ್ತು ಎಲ್ಲವನ್ನೂ ಬಿಡಿಸಿ ಎಣಿಸಿದರೆ 10. ಒಂದೊಂದಕ್ಕೆ 3 ಬೈಟಿನಂತೆ ಕಂಪ್ಯೂಟರಿನ ಹೊಟ್ಟೆಯೊಳಗೆ 30. ಹಳೇ ವರ್ಷನ್‌ನಲ್ಲಿ ಊರಿನ ಹೆಸರಿಗೆ 12 ಅಕ್ಷರದ ಜಾಗವಿತ್ತು, ಹತ್ತು ಆರಾಮಾಗಿ ಕೂತಿದ್ದವು. ಹೊಸದು ಅದನ್ನೇ 12 ಬೈಟ್ ಎಂದು ಓದಿಕೊಂಡು, ನಾಲ್ಕನ್ನು ಒಳಗೆ ಬಿಟ್ಟು, ಉಳಿದ ಆರನ್ನು ಹೊರಗೆ ನಿಲ್ಲಿಸಿದೆ. "ಊರಿನ ಹೆಸರಿದ್ದ ಒಂದು ಸಾಲು ಹಚ್ಚಿ ನೋಡಿದ್ದರೂ ಗೊತ್ತಾಗ್ತಿತ್ತು, ಮಾವ" ಎಂದ. ಪಾಪ, ಅವನೂ ಪುಕ್ಕಲ.

"ಇದು ನಮ್ಮೂರಿನ ಪೂರ್ತಿ ಹೆಸರಲ್ರಿ" ಎಂದು ಕಿಟಕಿಯೊಳಗೆ ಕಾಗದ ಚಾಚಿದೆ.

"ಸಿಸ್ಟಮ್‌ನ್ಯಾಗ ಹಂಗ ಐತ್ರಿ. ಮೇಲಿನ ವಿವರ ತಾಳೆ ನೋಡೇನಿ, ಬರೋಬರಿ ಐತಿ ಅಂತ ಇಲ್ಲೊಂದು ಸಹಿ ಮಾಡ್ರಿ" ಎಂದು ಪೆನ್ನು ಕೊಟ್ಟರು.

ಇನ್ನೂ ತಲುಪದ ನೇಮಕಾತಿ ಪತ್ರ ಆ ಕ್ಷಣಕ್ಕೆ ತಲುಪಿದಂತಾಯಿತು. ಮತ್ತೊಮ್ಮೆ ಓದಿದೆ. ಕಟ್ಟಿ ಕೊಚ್ಚಿಹೋಗಿತ್ತು, ಬಿಂಕ ಮಾತ್ರ ಒಂದು ಬೈಟೂ ಮುಕ್ಕಾಗದೆ ಹೊಸ ವರ್ಷನ್‌ಗೆ ದಾಟಿತ್ತು. ಬರೋಬರಿ ಐತಿ ಎಂದು ಸಹಿ ಮಾಡಿದೆ.